ರಟ್ಟಿಲ್ಲದ ಪಾರ್ಸಲ್

ಆ ಕಲೆ ಎಣ್ಣೆಯದಲ್ಲ, ಅರಗಿನದು. ನನ್ನ ಕೈಯಿಂದಲೇ ಆದದ್ದು. ಅದು ನನಗೆ ಗೊತ್ತಿತ್ತು—ಗೊತ್ತಿದ್ದೂ ಎಂಟು ವರ್ಷ ಸುಮ್ಮನಿದ್ದೆ.

ಎಂಟೋ, ಒಂಬತ್ತೋ. ಇಸವಿಗಳ ವಿಷಯದಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ಬೇರೆ ವಿಷಯಗಳಲ್ಲೂ ನಂಬುವುದು ಕಡಿಮೆ. ಆದರೆ ಮೇಲಿನ ಮೂರು ವಾಕ್ಯಗಳನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ, ಅವು ಅಲ್ಲಾಡುವುದಿಲ್ಲ. ಉಳಿದದ್ದನ್ನು ನೆನಪಾದಂತೆ ಬರೆಯುತ್ತೇನೆ. ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನ ಎಂದೇ ಬರೆಯುತ್ತೇನೆ.

ನಾನು ಬೆಂಗಳೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ, ಕೆಲಸ ಸಿಗದೆ, ದೊಡ್ಡಬಳ್ಳಾಪುರದ ಅಕ್ಕನ ಮನೆಗೆ ಬಂದು ಸೇರಿದ್ದೆ. ಭಾವನಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. ನೇಯ್ದ ಆರ್ಟ್ ಸಿಲ್ಕ್ ಸೀರೆಗಳನ್ನು ಬೆಂಗಳೂರಿನ ಅಂಗಡಿಯವರು ಹೇಳಿದ ಬೆಲೆಗೆ ಕೊಟ್ಟು ಬರುತ್ತಿದ್ದ. ಅಂಗಡಿಗಳನ್ನು ಬಿಟ್ಟು ನೇರ ಅಂಚೆಯಲ್ಲೇ ಮಾರೋಣ ಎಂದು ತಲೆಗೆ ತುಂಬಿದವನು ನಾನು. ವಾರಪತ್ರಿಕೆಯಲ್ಲಿ ಸಣ್ಣ ಜಾಹೀರಾತು. ಕಾರ್ಡು ಬರೆದವರಿಗೆ ವಿ.ಪಿ.ಪಿ. ಮೂಲಕ ಸೀರೆ—ಪೋಸ್ಟ್‌ಮನ್ ಮನೆ ಬಾಗಿಲಲ್ಲಿ ದುಡ್ಡು ಪಡೆದು ಪಾರ್ಸಲ್ ಕೊಡುತ್ತಿದ್ದ. ಜಾಹೀರಾತಿನ ಕೊನೆಯ ಸಾಲನ್ನು ನಾನೇ ಬರೆದೆ: ‘ಮೆಚ್ಚದಿದ್ದರೆ ವಾಪಸ್ ಕಳಿಸಿ.’ ಆ ಸಾಲಿನ ಮೇಲೆ ಆಗ ನನಗೆ ಎಷ್ಟು ಹೆಮ್ಮೆ ಇತ್ತೆಂದರೆ—ಬೇಡ, ಅದು ಬೇಡ.

ಅಂಚೆಯ ಪಾರ್ಸಲ್ ದರ ತೂಕದ ಮೆಟ್ಟಿಲುಗಳ ಮೇಲೆ ಏರುತ್ತದೆ. ಸೀರೆ, ಅದರ ಕೆಳಗೂ ಮೇಲೂ ಒಂದೊಂದು ರಟ್ಟು, ಪ್ಲಾಸ್ಟಿಕ್ ಕವರು, ಮೇಲೆ ಹೊಲಿದ ಲಾಂಗ್‌ಕ್ಲಾತ್—ಎಲ್ಲ ಸೇರಿದರೆ ಒಂದು ಮೆಟ್ಟಿಲು ಮೇಲೆ. ರಟ್ಟು ತೆಗೆದರೆ ಒಂದು ಮೆಟ್ಟಿಲು ಕೆಳಗೆ. ಮೊದಲ ತಿಂಗಳು ರಟ್ಟು ಇಟ್ಟೆ. ಎರಡನೇ ತಿಂಗಳಿಂದ ತೆಗೆದೆ. ಆದರೆ ಗಿರಾಕಿಯ ಚೀಟಿಯಲ್ಲಿ ‘ಪ್ಯಾಕಿಂಗ್ ಮತ್ತು ಅಂಚೆ ವೆಚ್ಚ’ ಎಂದು ಮೇಲಿನ ಮೆಟ್ಟಿಲನ್ನೇ ಬರೆಯುತ್ತಿದ್ದೆ. ಉಳಿದದ್ದು ನನ್ನ ಜೇಬಿಗೆ. ಸಿಗರೇಟು, ಬೆಂಗಳೂರಿನ ಬಸ್ಸು, ಫುಟ್‌ಪಾತಿನ ಹಳೇ ಪುಸ್ತಕ. ಭಾವನಿಗೆ ಗೊತ್ತಿರಲಿಲ್ಲ. ಅಷ್ಟು ಸಣ್ಣದನ್ನು ಕಳ್ಳತನ ಎನ್ನಬೇಕೇ ಎಂದು ನನ್ನೊಡನೆ ನಾನೇ ವಾದ ಮಾಡುತ್ತಿದ್ದೆ. ಗೆಲ್ಲುತ್ತಲೂ ಇದ್ದೆ.

ಪಾರ್ಸಲ್ ಹೊಲಿದ ಮೇಲೆ ದಾರದ ಗಂಟಿನ ಮೇಲೆ ಅರಗು ಕಾಯಿಸಿ ಹಾಕಿ ಮುದ್ರೆ ಒತ್ತಬೇಕು. ಅಂಚಿನಲ್ಲಿ ಸಣ್ಣ ಮುದ್ರೆಗಳು, ಹೊಲಿಗೆ ಮುಗಿಯುವ ನಡುಭಾಗದಲ್ಲಿ ಒಂದು ದೊಡ್ಡದು. ಆ ನಡುವಿನ ಮುದ್ರೆಯ ಕೆಳಗೆ ಈಗ ರಟ್ಟು ಇರಲಿಲ್ಲ. ತೆಳು ಪ್ಲಾಸ್ಟಿಕ್, ಅದರ ಕೆಳಗೆ ಸೀರೆ. ಅರಗು ಹದ ಮೀರಿ ಕಾದಿದ್ದ ದಿನ—

ಒಟ್ಟು ಏಳು ಸೀರೆಗಳು ವಾಪಸ್ ಬಂದವು. ಎರಡು ತಿಂಗಳಲ್ಲಿ ಎಂದು ನೆನಪು. ಏಳರಲ್ಲೂ ನಾಲ್ಕಾಣೆಯಷ್ಟಗಲ ಕಂದು ಕಲೆ.

ಇಲ್ಲಿ ನಂಜುಂಡಪ್ಪನ ವಿಷಯ ಹೇಳಬೇಕು. ಭಾವನ ಶೆಡ್ಡಿನ ಮೂರನೇ ಮಗ್ಗ ಅವನದು. ಐವತ್ತರ ಹತ್ತಿರದ ಮನುಷ್ಯ, ಸಣಕಲು, ಕಿವಿ ಸ್ವಲ್ಪ ಮಂದ—ಮಗ್ಗದ ಸದ್ದಿನಲ್ಲಿ ಮೂವತ್ತು ವರ್ಷ ಕಳೆದವರ ಕಿವಿ ಹಾಗೇ. ಮಗ್ಗಕ್ಕೆ ಎಣ್ಣೆ ಬಿಡುವ ಮುಂಚೆ ಹಾಸಿನ ನೂಲಿನ ಮೇಲೆ ಹಳೇ ಪಂಚೆ ಹೊದಿಸುತ್ತಿದ್ದ. ಆಮೇಲೆ ತವುಡಿನಲ್ಲಿ ಕೈ ಉಜ್ಜಿ, ತೊಳೆದು, ಅಂಗೈಯನ್ನು ಕೆನ್ನೆಗೆ ಒತ್ತಿ ಜಿಡ್ಡು ಉಳಿದಿಲ್ಲವೆಂದು ನೋಡಿ, ಆಮೇಲೆ ನೂಲು ಮುಟ್ಟುತ್ತಿದ್ದ. ಬೇರೆಯವರು ನಗುತ್ತಿದ್ದರು. ‘ಏನ್ ಗುರು, ಮದ್ವೆಗ್ ಹೊಂಟಂಗೆ!’ ಎಂದರೆ, ‘ಸೀರೆ ಹೋಗೋದು ಮದ್ವೆಗೇ ಅಲ್ವೇನ್ಲಾ’ ಎನ್ನುತ್ತಿದ್ದ. ಕೈ ಅಷ್ಟು ಚೊಕ್ಕವಾಗಿದ್ದುದರಿಂದಲೇ ಜಾಹೀರಾತಿನ ಸೀರೆಗಳನ್ನು ಭಾವ ಅವನ ಮಗ್ಗಕ್ಕೆ ಹಾಕಿಸಿದ್ದ. ಅಂಚೆಯಲ್ಲಿ ಹೋದ ಪ್ರತಿಯೊಂದು ಸೀರೆಯೂ ಅವನದೇ.

ನಮ್ಮ ಕಡೆ ಪ್ರತಿ ನೇಕಾರನೂ ಸೀರೆ ಮುಗಿಯುವ ಕಡೆ ಎರಡೆಳೆ ತನ್ನ ಗುರುತಿನ ಬಣ್ಣ ನೇಯುತ್ತಾನೆ. ಯಾರ ಕೈಯದು ಎಂದು ತಿಳಿಯಲು. ನಂಜುಂಡಪ್ಪನದು ಕಿತ್ತಳೆ. ಇನ್ನೊಂದು ಕಟ್ಟಲೆ: ಡ್ಯಾಮೇಜ್ ಆದ ಸೀರೆ ನೇಯ್ದವನಿಗೇ. ಅದರ ಬೆಲೆಯನ್ನು ಅವನ ಕೂಲಿಯಲ್ಲಿ ಮುರಿದುಕೊಂಡು ಸೀರೆಯನ್ನು ಅವನ ಮಡಿಲಿಗೆ ಹಾಕುತ್ತಾರೆ. ವಾಪಸ್ ಬಂದ ಏಳೂ ಸೀರೆಗಳಲ್ಲಿ ಎರಡೆಳೆ ಕಿತ್ತಳೆ ಇತ್ತು. ಇರಲೇಬೇಕಿತ್ತು, ಕಳಿಸಿದ್ದೆಲ್ಲ ಅವನದೇ ಆಗಿದ್ದಾಗ! ಇಷ್ಟು ಸರಳ ತರ್ಕ ಶೆಡ್ಡಿನಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು.

ಒಂದು ಬೆಳಿಗ್ಗೆ ಭಾವ ಏಳನೇ ಸೀರೆಯನ್ನು ಮಗ್ಗದ ಮೇಲೆ ಹರಡಿ ಮೋಟಾರು ನಿಲ್ಲಿಸಿದ. ಎಲ್ಲರೂ ಸುತ್ತ ಬಂದರು.

‘ಏನಿದು ನಂಜುಂಡಪ್ಪ?’

ನಂಜುಂಡಪ್ಪ ಕಲೆಯ ಮೇಲೆ ಉಗುರು ಎಳೆದ. ‘ಎಣ್ಣೆಯಲ್ಲ ಕಣಣ್ಣ. ಎಣ್ಣೆ ಆಗಿದ್ರೆ ಮೆತ್ತಗಿರ್ಬೇಕು. ಇದು ಗರಗರ ಅಂತೈತೆ ನೋಡು.’

ಭಾವ ನನ್ನ ಕಡೆ ತಿರುಗಿದ. ‘ನೀನು ಓದಿದೋನು. ನೀನ್ ಹೇಳಪ್ಪಾ. ಏನ್ ಕಲೆ ಇದು?’

ನಾನು ಬಗ್ಗಿ ನೋಡಿದೆ. ನೋಡುವವನಂತೆ ನಟಿಸಿದೆ ಎನ್ನಬೇಕು.

‘ಎಣ್ಣೆ ಥರಾನೇ ಕಾಣ್ಸುತ್ತೆ ಭಾವ.’

ಇಷ್ಟೇ ಹೇಳಿದ್ದು. ಎಣ್ಣೆ ಎಂದು ಹೇಳಲಿಲ್ಲ; ಎಣ್ಣೆಯ ಥರ ಕಾಣಿಸುತ್ತದೆ ಎಂದೆ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತು ಬಂದ ಎಚ್ಚರಿಕೆ ಅದು—ಖಚಿತವಾಗಿ ಏನನ್ನೂ ಹೇಳಬಾರದು. ಆ ಎಚ್ಚರಿಕೆಯ ಹಿಂದೆ ಅಡಗಿ ಕುಳಿತೆ. ಅರಗು ಎಂದಿದ್ದರೆ ರಟ್ಟು ಎಲ್ಲಿ ಎಂದು ಭಾವ ಕೇಳುತ್ತಿದ್ದ. ರಟ್ಟು ಎಲ್ಲಿ ಎಂದರೆ ಉಳಿದ ದುಡ್ಡು ಎಲ್ಲಿ.

ನಂಜುಂಡಪ್ಪ ನನ್ನ ಮುಖವನ್ನೇ ನೋಡಿದ. ಕೋಪವಿರಲಿಲ್ಲ. ‘ಓದಿರೋರು ಹೇಳಿದ್ಮೇಲೆ ಇನ್ನೇನೈತೆ’ ಎಂದು ಸೀರೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

ಆ ವಾರವೇ ಅವನನ್ನು ಮೂರನೇ ಮಗ್ಗದಿಂದ ತೆಗೆದರು. ಮುಂದೆ ಅವನೇ ಶೆಡ್ಡು ಬಿಟ್ಟ. ಬೇರೆ ಕಡೆಯೂ ಬಣ್ಣದ ಸೀರೆ ನೇಯಲು ಯಾರೂ ಕೊಡಲಿಲ್ಲ; ಲಂಗದ ಬಟ್ಟೆ ನೇಯುವ ಶೆಡ್ಡೊಂದರಲ್ಲಿ ಸೇರಿಕೊಂಡ. ಟೀ ಅಂಗಡಿಯಲ್ಲಿ ಯಾರೋ ‘ಎಣ್ಣೆ ನಂಜುಂಡ’ ಎಂದು ಹೆಸರಿಟ್ಟರು. ‘ಲೇ, ಎಣ್ಣೆ ಬಂದ, ಬಂದ, ಬಟ್ಟೆ ಹುಷಾರು ಕಣ್ರೋ!’ ಮೂವತ್ತು ವರ್ಷ ತವುಡಿನಲ್ಲಿ ಕೈ ಉಜ್ಜಿದವನಿಗೆ ಊರು ಕೊಟ್ಟ ಹೆಸರು.

ಅವನ ಹೆಂಡತಿ ಲಕ್ಷ್ಮಮ್ಮ ಆ ಸೀರೆಗಳಲ್ಲೇ ಒಂದನ್ನು ಉಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಂತದ್ದನ್ನು ಒಮ್ಮೆ ಕಂಡೆ. ಕಲೆ ಮೊಣಕಾಲಿನ ಹತ್ತಿರ ಬಂದಿತ್ತು. ಅವಳು ಚೀಲವನ್ನು ಅದಕ್ಕೆ ಅಡ್ಡ ಹಿಡಿದಿದ್ದಳು. ನಾನು ಆ ಬಸ್ಸು ಬಿಟ್ಟು ಮುಂದಿನದಕ್ಕೆ ಕಾದೆ.

ಈಗ ಪತ್ರದ ವಿಷಯ. ಬರೆಯಲು ಕಷ್ಟವಾಗುತ್ತಿರುವುದು ಇದೇ.

ಹಾವೇರಿ ಕಡೆಯ ಒಬ್ಬ ಶಾಲಾ ಶಿಕ್ಷಕಿ ಸೀರೆ ವಾಪಸ್ ಕಳಿಸಿ, ಅದರ ಜೊತೆ ಒಂದು ಪತ್ರ ಇಟ್ಟಿದ್ದರು. ಹೆಸರು ಮರೆತಿದ್ದೇನೆ, ಕಪ್ಪು ಹಲಗೆಯ ಮೇಲೆ ಬರೆದಂತಿದ್ದ ದುಂಡನೆಯ ಅಕ್ಷರ ಮರೆತಿಲ್ಲ. ಸೀರೆಯನ್ನು ಬಂದಿದ್ದ ಹಾಗೆಯೇ ಮಡಚಿ, ಪಾರ್ಸಲ್ಲಿನಿಂದ ಬಿಚ್ಚಿದ ಹೊರಬಟ್ಟೆಯನ್ನು ಅದರ ಮೇಲಿಟ್ಟು ನೋಡಿದರಂತೆ. ‘ಕಲೆಯು ನಿಮ್ಮ ಅರಗಿನ ಮುದ್ರೆಯ ಸರಿಯಾಗಿ ಕೆಳಗೆ ಬರುತ್ತದೆ. ಪ್ಯಾಕಿಂಗ್ ವೆಚ್ಚವನ್ನು ಪಡೆದಿದ್ದೀರಿ, ಒಳಗೆ ಒಂದು ತುಂಡು ರಟ್ಟೂ ಇರಲಿಲ್ಲ. ತಪ್ಪು ನಿಮ್ಮದಾದ್ದರಿಂದ ಹಿಂದಿರುಗಿಸಿದ ಅಂಚೆ ವೆಚ್ಚವನ್ನೂ ನೀವೇ ಕೊಡುವುದು ನ್ಯಾಯ.’ ಹೆಚ್ಚು ಕಡಿಮೆ ಹೀಗೆ. ನಾನು ಸೀರೆಯ ಬೆಲೆಯನ್ನಷ್ಟೇ ಮನಿಯಾರ್ಡರ್ ಮಾಡಿ, ‘ಅಂಚೆ ವೆಚ್ಚ ಹಿಂದಿರುಗಿಸುವ ಪದ್ಧತಿ ಇಲ್ಲ’ ಎಂದು ಕೂಪನ್ನಿನಲ್ಲಿ ಬರೆದೆ. ಪದ್ಧತಿ! ನಾಲ್ಕು ತಿಂಗಳ ವ್ಯಾಪಾರಕ್ಕೆ ಪದ್ಧತಿ. ಪತ್ರವನ್ನು ತರ್ಕಶಾಸ್ತ್ರದ ಪುಸ್ತಕವೊಂದರಲ್ಲಿ ಬಚ್ಚಿಟ್ಟೆ. ಪುಸ್ತಕ ಆಮೇಲೆ ರದ್ದಿಗೆ ಹೋಯಿತು.

ವರ್ಷಗಟ್ಟಲೆ ನನಗೆ ನಾನು ಹೇಳಿಕೊಂಡದ್ದು ಹೀಗೆ: ಪತ್ರ ಬಂದದ್ದು ಆ ಬೆಳಿಗ್ಗೆಯ ನಂತರ. ‘ಎಣ್ಣೆ ಥರ’ ಎಂದಾಗ ನನಗೆ ನಿಜವಾಗಿ ಗೊತ್ತಿರಲಿಲ್ಲ. ಗೊತ್ತಾದಾಗ ಹೇಳುವ ಧೈರ್ಯವಾಗಲಿಲ್ಲ, ಅಷ್ಟೇ. ಈ ನೆನಪಿಗೆ ಚಿತ್ರವೂ ಇದೆ—ಮಧ್ಯಾಹ್ನ, ಜಗಲಿ, ಪೋಸ್ಟ್‌ಮನ್‌ನ ಸೈಕಲ್ಲು, ನಾನು ಒಬ್ಬನೇ ಪಾರ್ಸಲ್ ಬಿಚ್ಚುತ್ತಿರುವುದು. ಎಷ್ಟು ಸ್ಪಷ್ಟ! ಅಷ್ಟು ಸ್ಪಷ್ಟವಾಗಿದ್ದುದೇ ಅನುಮಾನಕ್ಕೆ ಕಾರಣವಾಗಬೇಕಿತ್ತು.

ಅನುಮಾನ ಬಂದದ್ದು ಕಳೆದ ತಿಂಗಳು. ಅಕ್ಕನ ಮಗಳು ಸುಧಾ ಬಿ.ಕಾಂ. ಮುಗಿಸಿ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕಲಿತು, ಈಗ ಅಪ್ಪನ ಸೀರೆಗಳನ್ನು ಅಂತರ್ಜಾಲದ ಹರಾಜಿನಲ್ಲಿ ಮಾರುತ್ತೇನೆ ಎಂದು ಕುಣಿಯುತ್ತಿದ್ದಾಳೆ. ದೂರದೇಶದವರು ಕುಳಿತಲ್ಲೇ ಬೆಲೆ ಕೂಗುತ್ತಾರಂತೆ. ಒಂದು ಹಾಳೆ ತಂದು ನನ್ನ ಮುಂದಿಟ್ಟಳು.

‘ಮಾಮ, ಎಲ್ಲಾ ಬರ್ದಿದೀನಿ. ಅಂಚೆ ವೆಚ್ಚ ಎಷ್ಟು, ವಾಪಸ್ ಕಳಿಸೋದು ಹೇಗೆ—ಇವೆರಡು ಮಾತ್ರ ನೀವ್ ಬರ್ಕೊಡಿ. ಸೀರೆ ಬೆಲೆ ಕಮ್ಮಿ ಹಾಕಿ ಅಂಚೇಲಿ ಕೀಳೋರು ಜಾಸ್ತಿಯಂತೆ ಅಲ್ಲಿ. ಅಂಥೋರನ್ನ ಕೊಂಡೋರು ಎಲ್ರೆದುರಿಗೂ ಬೈದು ಬರೀತಾರಂತೆ.’

‘ನಾನ್ಯಾಕೆ?’

‘ಆಗ್ಲೂ ನೀವೇ ಬರ್ದಿದ್ದಲ್ವಾ? ಅಪ್ಪ ಹೇಳ್ತಾನೇ ಇರ್ತಾರೆ. ಆ ನಂಜುಂಡಪ್ಪನ ಎಣ್ಣೆ ಕೈಯಿಂದ ವ್ಯಾಪಾರ ಮುಳುಗ್ತಂತೆ.’

ಎರಡು ಸಾಲು. ನಾನು ಈಗ ಇದೇ ಊರಿನ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಹೇಳುವವನು. ಎರಡು ಸಾಲು ಬರೆಯಲು ಆಗಲಿಲ್ಲ. ಬರೆದೆ, ಹೊಡೆದುಹಾಕಿದೆ, ಎದ್ದು ಓಡಾಡಿದೆ, ಮತ್ತೆ ಕುಳಿತೆ. ಆಗ ಹೊಳೆಯಿತು—ವಾಪಸ್ ಬಂದ ಸೀರೆಗಳು ಏಳು. ಶಿಕ್ಷಕಿಯ ಸೀರೆ ಆ ಏಳರಲ್ಲಿ ಒಂದು. ಏಳನೆಯದನ್ನು ಭಾವ ಆ ಬೆಳಿಗ್ಗೆ ಮಗ್ಗದ ಮೇಲೆ ಹರಡಿದ. ಅದಾದ ಮೇಲೆ ಒಂದೂ ಬರಲಿಲ್ಲ, ವ್ಯಾಪಾರವೇ ನಿಂತುಹೋಯಿತು. ಬಂದ ಪಾರ್ಸಲುಗಳನ್ನು ಬಿಚ್ಚುತ್ತಿದ್ದವನು ನಾನೊಬ್ಬನೇ. ಪತ್ರ ಸೀರೆಯ ಜೊತೆಗೇ ಇತ್ತು. ಹಾಗಾದರೆ ಅದು ನಂತರ ಬಂದಿರುವುದು ಸಾಧ್ಯವೇ ಇಲ್ಲ. ಬಾಯಿ ತೆರೆಯುವ ಮುಂಚೆಯೇ ನಾನದನ್ನು ಓದಿದ್ದೆ. ಜಗಲಿ, ಸೈಕಲ್ಲು, ಮಧ್ಯಾಹ್ನ, ಎಲ್ಲ ನಿಜವೇ ಇರಬಹುದು—ದಿನವನ್ನಷ್ಟೇ ಮುಂದಕ್ಕೆ ಸರಿಸಿಕೊಂಡಿದ್ದೆ.

ಸುಧಾಳನ್ನು ಕರೆದು ಲಾಂಗ್‌ಕ್ಲಾತ್, ಅರಗು, ಮೋಂಬತ್ತಿ, ಅವಳಪ್ಪನ ಒಂದು ಸೀರೆ ತರಿಸಿದೆ. ರಟ್ಟಿಲ್ಲದೆ ಹೊಲಿದು ಮುದ್ರೆ ಒತ್ತಿದೆ. ಬಿಚ್ಚಿದೆವು. ನಾಲ್ಕಾಣೆಯಷ್ಟಗಲ, ಕಂದು. ಅವಳು ಉಗುರು ಎಳೆದು ನೋಡಿ, ‘ಗರಗರ ಅಂತಿದೆ ಮಾಮ’ ಎಂದಳು. ನಡೆದದ್ದನ್ನು ಅವಳಿಗೆ ಹೇಳಿದೆ. ಸಂಜೆಗೆ ಭಾವನಿಗೂ ಎಲ್ಲ ಹೇಳಿದೆ. ಭಾವ ಈಗ ನನ್ನೊಡನೆ ಮಾತಾಡುತ್ತಿಲ್ಲ. ಅದು ಅವನ ಹಕ್ಕು.

ಆ ಸೀರೆ ಹಿಡಿದು ನಂಜುಂಡಪ್ಪನ ಮನೆಗೆ ಹೋದೆ. ಕಿವಿ ಈಗ ಇನ್ನೂ ಮಂದ. ಎಲ್ಲವನ್ನೂ ಗಟ್ಟಿಯಾಗಿ ಹೇಳಬೇಕಾಯಿತು. ಅವನು ಪೂರ್ತಿ ಕೇಳಿಸಿಕೊಂಡು, ಒಳಗಿನಿಂದ ಒಂದು ಹಳೇ ಸೀರೆ ತರಿಸಿದ. ಏಳರಲ್ಲಿ ಉಳಿದಿದ್ದ ಒಂದು. ಮಡಚಿ ನನ್ನದರ ಪಕ್ಕದಲ್ಲಿಟ್ಟ.

‘ನಂಗೊತ್ತಿತ್ತು ಸ್ವಾಮಿ. ಏಳಕ್ಕೂ ಒಂದೇ ಜಾಗ. ಎಣ್ಣೆ ಕೈ ಅಷ್ಟು ಅಳತೆ ಮಾಡಿ ಮುಟ್ಟತೈತಾ?’

‘ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ನಂಜುಂಡಪ್ಪ?’

‘ಹೇಳ್ದೆ. ಟೀ ಅಂಗ್ಡೀಲಿ ಹೇಳ್ದೆ. ನಕ್ಬಿಟ್ರು.’ ನನ್ನ ಸೀರೆಯನ್ನು ನನ್ನ ಕಡೆಗೇ ತಳ್ಳಿ ಅಂದ: ‘ನಂತಾವ ಹೇಳಿ ಏನ್ ಬಂತು? ಆ ಹೆಸ್ರು ಇಟ್ಟಿದ್ದು ಅಲ್ಲಿ. ಅಲ್ಲೋಗಿ ಹೇಳಿ.’

ಲಕ್ಷ್ಮಮ್ಮ ಬಾಗಿಲಲ್ಲೇ ನಿಂತಿದ್ದಳು. ಕುಡಿಯಲು ನೀರು ಕೊಡಲಿಲ್ಲ. ನಾನೂ ಕೇಳಲಿಲ್ಲ.

ಅಂದಿನಿಂದ ಮೂರು ಸಲ ಟೀ ಅಂಗಡಿಗೆ ಹೋಗಿದ್ದೇನೆ. ಮೂರು ಸಲವೂ ಟೀ ಕುಡಿದು ಬಂದಿದ್ದೇನೆ. ಒಮ್ಮೆ ಜನ ಕಡಿಮೆ ಇದ್ದರು ಎಂದುಕೊಂಡೆ. ಒಮ್ಮೆ ಜಾಸ್ತಿ ಇದ್ದರು ಎಂದುಕೊಂಡೆ. ಮೂರನೇ ಸಲ ಅವನೇ ಮೂಲೆಯಲ್ಲಿ ಕುಳಿತಿದ್ದ. ಯಾರೋ ‘ಏನ್ ಎಣ್ಣೆ, ಟೀ ಆಯ್ತಾ?’ ಅಂದರು. ಅವನು ‘ಆಯ್ತು’ ಅಂದ. ನನ್ನ ಕಡೆ ನೋಡಲೂ ಇಲ್ಲ.

ಇದನ್ನು ಬರೆಯುತ್ತಿರುವುದು ಅದಕ್ಕೇ. ಕಾಗದದ ಮೇಲೆ ಇದ್ದರೆ ನಾಳೆ ನನ್ನ ನೆನಪು ಇನ್ನೊಂದು ದಿನವನ್ನು ಇನ್ನೊಂದು ಕಡೆಗೆ ಸರಿಸಲಾರದು. ಸುಧಾಳ ಎರಡು ಸಾಲನ್ನೂ ಬರೆದುಕೊಟ್ಟಿದ್ದೇನೆ: ಅಂಚೆಗೆ ನಾವು ಕೊಟ್ಟಷ್ಟನ್ನೇ ನಿಮ್ಮಿಂದ ಪಡೆಯುತ್ತೇವೆ, ರಸೀದಿ ಒಳಗಿರುತ್ತದೆ. ತಪ್ಪು ನಮ್ಮದಾದರೆ ಎರಡೂ ದಾರಿಯ ವೆಚ್ಚ ನಮ್ಮದು. ಹಾವೇರಿಯ ಆ ಶಿಕ್ಷಕಿಯ ವಾಕ್ಯವೇ ಅದು. ಅವರಿಗೆ ಕೊಡಬೇಕಾದದ್ದನ್ನು ಕೊಡಲು ನನ್ನ ಬಳಿ ವಿಳಾಸವಿಲ್ಲ.

ಈಗ ಬೆಳಗಿನ ಹತ್ತು ಗಂಟೆ ಇರಬಹುದು. ಬೀದಿಯ ಎರಡೂ ಬದಿ ಮಗ್ಗಗಳು ಹೊಡೆದುಕೊಳ್ಳುತ್ತಿವೆ. ಇಷ್ಟು ಹೊತ್ತಿಗೆ ದಿನವೂ ಕರೆಂಟು ಹೋಗುತ್ತದೆ. ಹೋದೊಡನೆ ಎಲ್ಲ ಶೆಡ್ಡುಗಳಿಂದಲೂ ನೇಕಾರರು ಎದ್ದು ಟೀ ಅಂಗಡಿಗೆ ಬರುತ್ತಾರೆ. ಅವನೂ ಬರುತ್ತಾನೆ. ಸೀರೆಯನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಏನು ಹೇಳಬೇಕೆಂದು ಹತ್ತು ಸಲ ಕಟ್ಟಿ ಬಿಚ್ಚಿದ್ದೇನೆ—‘ಥರ’ ಎಂದಾಗಲಿ ‘ಕಾಣಿಸುತ್ತದೆ’ ಎಂದಾಗಲಿ ಇಲ್ಲದಂತೆ. ಇದು ಅರಗು. ನಾನು ಮಾಡಿದ್ದು. ಅವನ ಹೆಸರು ನಂಜುಂಡಪ್ಪ.

ಎದುರಿನ ಶೆಡ್ಡು ನಿಂತಿತು. ಪಕ್ಕದ್ದೂ ನಿಂತಿತು. ಇಡೀ ಬೀದಿ ಈಗ ನಿಶ್ಶಬ್ದ. ಚಪ್ಪಲಿಗಳ ಸದ್ದು ಕೇಳುತ್ತಿದೆ.

ನಾನು ಹೊರಟೆ.