ಬೆಣ್ಣೆ ತೂಗಿದ ಅಜ್ಜನ ಮೊಮ್ಮಗಳು

ಆಕೆಯ ಬಲಗೈ ಹೆಬ್ಬೆರಳು ಸೌಟಿನ ಬೆನ್ನಿನಂತೆ ಅಗಲವಾಗಿ ಚಪ್ಪಟೆಯಾಗಿತ್ತು. ಉಗುರಿನ ಸಂದಿಯಲ್ಲಿ ಸದಾ ಮಣ್ಣು. ಚರ್ಚಿಗೆ ಹೋಗುವ ಭಾನುವಾರವೂ ಅದು ಬಿಡುತ್ತಿರಲಿಲ್ಲ. ಲಂಡನ್ನಿನ ಕೆಂಟನ್‌ನಲ್ಲಿ ಆಕೆಯ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಇದ್ದದ್ದು ಒಂದೇ ಮರದ ಬೇಲಿ. ನಾನು ಧಾರವಾಡದಿಂದ ಬಂದ ಹೊಸತು. ಡಾಕ್ಟರ್ ಗಂಡನಿಗೆ ಆಸ್ಪತ್ರೆಯೇ ಮನೆ. ಕೂಸನ್ನು ಸೊಂಟಕ್ಕೇರಿಸಿಕೊಂಡು ಹಿತ್ತಲಲ್ಲಿ ನಿಂತು ಅಳುತ್ತಿದ್ದಾಗ ಬೇಲಿಯ ಮೇಲಿಂದ ಆ ಕೈ ಒಂದು ಸಲಿಕೆ ಚಾಚಿತು.

“ಅಳುವುದಾದರೆ ಅಳು. ಆದರೆ ಅಗೆಯುತ್ತಾ ಅಳು,” ಎಂದಳು.

ಎಂಥ ಕಲ್ಲೆದೆಯ ಹೆಂಗಸಪ್ಪಾ ಎಂದು ಸಿಟ್ಟು ಬಂತು. ಆದರೂ ಅಗೆದೆ, ಮೆಂತ್ಯ ಬಿತ್ತಿದೆ, ಅಳು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೆ ಮಗನನ್ನು ಅರ್ಧ ಬೆಳೆಸಿದವಳೂ ಆಕೆಯೇ. ಅವನು ಗ್ರ್ಯಾನಿ ಎನ್ನುತ್ತಿದ್ದ. ವಯಸ್ಸಿಗೆ ನಾನು ‘ಅವರು’ ಎನ್ನಬೇಕು, ಆದರೆ ಅಷ್ಟು ವರ್ಷದ ಸಲಿಗೆ, ಈಗ ಬಾಯಿ ತಿರುಗುವುದಿಲ್ಲ.

ಆಕೆ ಹುಟ್ಟಾ ಲಂಡನ್ನಿನವಳಲ್ಲ. ಅಮೆರಿಕದ ಡಕೋಟಾ ಬಯಲಿನ ರೈತರ ಮಗಳು. ಇಂಗ್ಲಿಷ್ ಮೇಷ್ಟ್ರೊಬ್ಬರನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಆಕೆಯ ಅಜ್ಜ ನಾರ್ವೆಯವನು. ಊರಿನ ಹೊಲವೆಲ್ಲ ಅಣ್ಣನ ಪಾಲಾದಾಗ ಹಡಗು ಹತ್ತಿ ಹೋಗಿ, ಗಿಡಮರವಿಲ್ಲದ ಆ ಬಯಲಲ್ಲಿ ಹುಲ್ಲುಬೇರಿನ ಹೆಂಟೆ ಪೇರಿಸಿ ಗುಡಿಸಲು ಕಟ್ಟಿ, ಮೊದಲ ಚಳಿಗಾಲವನ್ನು ಒಂದು ಹಸುವಿನ ಜೊತೆ ಅದರೊಳಗೇ ಕಳೆದವನು. ಈ ಕತೆಯನ್ನು ಕ್ರಿಸ್ಮಸ್ ಊಟದಲ್ಲಿ ಆಕೆಯ ಮಗ ಪ್ರತಿ ವರ್ಷ ಹೇಳುತ್ತಿದ್ದ, ಹೆಂಟೆ ಹೊತ್ತವನು ತಾನೇ ಎಂಬಂತೆ.

ಆಕೆ ನನಗೆ ಹೇಳಿದ ಕತೆಯೇ ಬೇರೆ. ಅವರ ರೈತರಲ್ಲಿ ಒಂದು ಪದ್ಧತಿಯಂತೆ. ಮುಪ್ಪಾದ ಮೇಲೆ ಹೊಲಮನೆಯನ್ನು ಹಿರಿಮಗನಿಗೆ ಬಿಟ್ಟುಕೊಟ್ಟು ಅದೇ ಅಂಗಳದ ಸಣ್ಣ ಮನೆಗೆ ಹೋಗುವುದು. ಹೋಗುವ ಮುಂಚೆ ಕರಾರು ಬರೆಸಿಕೊಳ್ಳುವುದು: ಸಾಯುವವರೆಗೆ ಆ ಸೂರು, ಇಷ್ಟು ಹಿಟ್ಟು, ಇಷ್ಟು ಬೆಣ್ಣೆ, ಒಡೆದು ಬಾಗಿಲಿಗೆ ತಂದಿಟ್ಟ ಕಟ್ಟಿಗೆ, ಚರ್ಚಿಗೆ ಹೋಗಲು ಗಾಡಿ. ಅಜ್ಜ ಆ ಪದ್ಧತಿಯನ್ನೂ ಹಡಗಿನಲ್ಲೇ ತಂದಿದ್ದ. ದೊಡ್ಡ ಮನೆಯಿಂದ ಬೆಣ್ಣೆ ಒಯ್ಯುವುದು ಪುಟ್ಟ ಹುಡುಗಿಯಾಗಿದ್ದ ಆಕೆಯ ಕೆಲಸ. ಅಜ್ಜ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಬೆಣ್ಣೆಯನ್ನು ತಕ್ಕಡಿಯಲ್ಲಿ ತೂಗುತ್ತಿದ್ದ.

“ಒಮ್ಮೆ ಚೂರು ಕಮ್ಮಿ ಇತ್ತು. ನಿಮ್ಮಪ್ಪನಿಗೆ ತೋರಿಸು ಅಂತ ವಾಪಸ್ ಕಳಿಸಿದ. ಅಪ್ಪ ಆಳುಗಳ ಎದುರಿಗೇ ಊಟಕ್ಕೆ ಕೂತಿದ್ದ. ಅವನ ಮುಖ ನೋಡಬೇಕಿತ್ತು ನೀನು!” ಅಷ್ಟು ವಯಸ್ಸಾದರೂ ಅದನ್ನು ಹೇಳುವಾಗ ಆಕೆಯ ಕೆನ್ನೆ ಕೆಂಪಾಗುತ್ತಿತ್ತು. “ಮಗನನ್ನೇ ನಂಬದ ಮುದುಕ! ನನ್ನ ಮಗನಿಗೆ ಆ ಅವಮಾನ ನಾನು ಯಾವತ್ತೂ ಮಾಡುವುದಿಲ್ಲ.”

ಮಾಡಲಿಲ್ಲ. ಅದೇ ಮುಳುವಾಯಿತು. ಮೇಷ್ಟ್ರು ತೀರಿಕೊಂಡ ಮೇಲೆ ಮಗ ಬಂದು, ನೀನು ಹೋದ ಮೇಲೆ ತೆರಿಗೆಯವರಿಗೆ ಸುರಿಯುವ ಬದಲು ಮನೆಯನ್ನು ಈಗಲೇ ನನ್ನ ಹೆಸರಿಗೆ ಮಾಡು ಎಂದ. ಆಕೆ ಒಂದೇ ಮಾತಿಗೆ ಒಪ್ಪಿದಳು. ಸಾಯುವತನಕ ಇಲ್ಲೇ ಇರುತ್ತೇನೆ ಎಂದಾದರೂ ಬರೆಸಿಕೋ ಎಂದು ನಾನು ಬಡಕೊಂಡೆ.

“ನನ್ನನ್ನೂ ಬೆಣ್ಣೆ ತೂಗಲು ಕೂರಿಸುತ್ತೀಯಾ?” ಎಂದು ಬೇಲಿಯ ಆಚೆ ಬೆನ್ನು ತಿರುಗಿಸಿ ಹೋದವಳು ಎಷ್ಟೋ ದಿನ ಮಾತಾಡಲಿಲ್ಲ.

ನನ್ನ ಗಂಡನೂ ಬೈದರು. “ಮಂದಿ ಮನಿ ಉಸಾಬರಿ ನಿನಗ್ಯಾಕ ಬೇಕು? ಸುಮ್ನ ಕೂಡು.”

ಸುಮ್ಮನಾದೆ. ಒಂದು ವಸಂತದಲ್ಲಿ ಮನೆ ಮಾರುವ ಏಜೆಂಟರ ಕಡೆಯ ಆಳು ಬಂದು ಆಕೆಯ ಹೂವಿನ ಪಾತಿಯಲ್ಲೇ ‘ಮಾರಾಟಕ್ಕಿದೆ’ ಬೋರ್ಡನ್ನು ಹೊಡೆಯತೊಡಗಿದ. ಆಕೆ ಹೊರಗೆ ಬಂದು, “ಪಾಪ, ನಿನಗೆ ಮನೆ ನಂಬರ್ ತಪ್ಪಿದೆ,” ಎಂದು ಅವನಿಗೆ ಚಹಾ ಮಾಡಿಕೊಟ್ಟಳು. ಅವನು ಫೋನಿನಲ್ಲಿ ವಿಳಾಸ ತೋರಿಸಿದ. ಆಕೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಆಮೇಲೆ ಬೇಲಿಯತ್ತ ಬಂದು ನನ್ನನ್ನು ಕರೆಯದೆ, ಬೇಲಿಯನ್ನು ಹಿಡಿದು ನಿಂತಳು. ನಾನೇ ಹೋಗಿ ಆ ಕೈ ಮೇಲೆ ಕೈಯಿಟ್ಟೆ. ಮಗನಿಗೆ ವ್ಯಾಪಾರದಲ್ಲಿ ಕೈ ಸುಟ್ಟಿತ್ತಂತೆ, ಹೇಳಲು ಧೈರ್ಯ ಸಾಲಲಿಲ್ಲವಂತೆ. ಮಾರಲು ಮಾತ್ರ ಧೈರ್ಯ ಸಾಕಷ್ಟಿತ್ತು!

ಅಕ್ಸ್‌ಬ್ರಿಡ್ಜ್ ಕಡೆಯ ಒಂದು ವೃದ್ಧಾಶ್ರಮದ ಎರಡನೇ ಮಹಡಿಯಲ್ಲಿ ಆಕೆಯನ್ನು ಇಟ್ಟರು. ಕಿಟಕಿ ಒಂದು ಗೇಣು ಮಾತ್ರ ತೆರೆಯುತ್ತಿತ್ತು. ಉಗುರಿನ ಸಂದಿಯ ಮಣ್ಣು ಹೋಗಿ ಬೆರಳುಗಳೆಲ್ಲ ಬೆಳ್ಳಗಾದವು. ಒಂದು ದಿನ ಬೆಳಗಿನ ತಿಂಡಿಯ ತಟ್ಟೆಯಲ್ಲಿ ಬಂದ ಬೆಣ್ಣೆಯ ಪುಟ್ಟ ಪೊಟ್ಟಣವನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿದಳು.

“ಅಜ್ಜ ಆಗಿದ್ದರೆ ಇದನ್ನು ವಾಪಸ್ ಕಳಿಸುತ್ತಿದ್ದ,” ಎಂದು ನಕ್ಕಳು. ನಗು ಅರ್ಧದಲ್ಲೇ ನಿಂತಿತು. “ಅವನಿಗೆ ಮಗನ ಮೇಲೆ ಅಪನಂಬಿಕೆ ಅಂದುಕೊಂಡಿದ್ದೆ. ಹಾಗಲ್ಲ ಕಣೇ. ಇಬ್ಬರೂ ಒಂದೇ ಅಂಗಳದಲ್ಲಿ ಸಾಯುವವರೆಗೆ ಬದುಕಿದರು. ಜಗಳವಾಡಿಕೊಂಡೇ, ಆದರೆ ಒಂದೇ ಅಂಗಳದಲ್ಲಿ.”

ಮಗನ ಮೇಲೆ ಆಕೆ ಒಂದು ದೂರೂ ಹೇಳಲಿಲ್ಲ. ಅದೊಂದನ್ನು ನನ್ನಿಂದ ಈಗಲೂ ಸಹಿಸಲಾಗುವುದಿಲ್ಲ. ಮುಂದಿನ ಚಳಿಗಾಲ ಮುಗಿಯುವ ಮೊದಲೇ ಹೋಗಿಬಿಟ್ಟಳು.

ಅಂತ್ಯಕ್ರಿಯೆಯ ದಿನ ಆ ಮಗ ಕಪ್ಪು ಸೂಟಿನಲ್ಲಿ ನಿಂತು ಭಾಷಣ ಮಾಡಿದ. ಮತ್ತೆ ಅದೇ ಹೆಂಟೆ ಗುಡಿಸಲು, ಅದೇ ಹಸು. ಹಿಡಿದ ನೆಲವನ್ನು ಬಿಡದ ವಂಶ ನಮ್ಮದು ಎಂದ! ಜನ ಕಣ್ಣೊರೆಸಿಕೊಂಡರು. ನನ್ನ ಮೈಯೆಲ್ಲ ಉರಿಯಿತು. ಬಾಗಿಲಲ್ಲಿ ಅವನು ನನ್ನ ಕೈ ಹಿಡಿದು, “ಅಮ್ಮ ಅಲ್ಲಿ ನೆಮ್ಮದಿಯಾಗಿದ್ದಳಲ್ಲವೇ?” ಎಂದು ಕೇಳಿದ.

“ಇಲ್ಲ,” ಎಂದೆ. ಅಷ್ಟೇ ಹೇಳಿದ್ದು. ಇನ್ನಷ್ಟು ಹೇಳಬೇಕಿತ್ತು.

ಮೊನ್ನೆ ನನ್ನ ಮಗ ಊಟಕ್ಕೆ ಬಂದಿದ್ದ. ನನ್ನ ಗಂಡ ರಿಟೈರಾಗಿದ್ದಾರೆ. ಈ ಮನೆಯನ್ನು ಅವನ ಹೆಸರಿಗೆ ಮಾಡಿದರೆ ತೆರಿಗೆ ಉಳಿಯುತ್ತದೆ ಎಂಬ ಮಾತು ಬಂತು. ಅವರು ಆಗಲೇ ಹೂಂ ಎಂದು ತಲೆಯಾಡಿಸಿದ್ದರು.

“ಮಾಡೋಣಂತ,” ಎಂದೆ ನಾನು. “ಆದರ ನಾವಿಬ್ಬರೂ ಸಾಯೂತನಕ ಇಲ್ಲೇ ಇರತೇವಿ ಅಂತ ವಕೀಲರ ಕಡೆ ಮೊದಲ ಬರಸು.”

ಮಗನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. “ಅಮ್ಮಾ, ಡೋಂಟ್ ಯೂ ಟ್ರಸ್ಟ್ ಮೀ?”

ಒಳ್ಳೆಯ ಹುಡುಗ ಅವನು, ಆಕೆಯ ಕೈಯಲ್ಲಿ ಬೆಳೆದವನು.

“ನಂಬತೇನಪಾ,” ಎಂದೆ. “ಆಕೀನೂ ನಂಬಿದ್ದಳು.”

ಅವನು ತಟ್ಟೆ ಬಿಟ್ಟು ಎದ್ದು ಹೋದ. ನಾನು ಕರೆಯಲಿಲ್ಲ.