ಸಂಜುವಿಗೂ ಒಂದು ಎಲೆ

ನಮ್ಮಜ್ಜಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಉತ್ತರಹಳ್ಳಿಯ ನಮ್ಮ ಮನೆಯ ಗೇಟಿನ ಬಳಿ ನಿಂತು ಮೇಲಿನ ಮಹಡಿಯ ಬಾಡಿಗೆಯವರನ್ನು ಅವಳು ಕರೆದರೆ ಆಚೆ ಬೀದಿಯ ಸೊಪ್ಪಿನವಳೂ ತಿರುಗಿ ನೋಡುತ್ತಿದ್ದಳು. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಬಲಿತ ಗಂಟಲು. ಹೊಲ ಸೈಟುಗಳಾದವು, ಸೈಟುಗಳಲ್ಲಿ ಮನೆಗಳೆದ್ದವು, ನಮ್ಮ ಮನೆಯೂ ಒಂದರ ಮೇಲೊಂದು ಮಹಡಿ ಏರಿತು. ಗಂಟಲು ಮಾತ್ರ ತಗ್ಗಲಿಲ್ಲ. ಗದಗದ ಕಡೆಯಿಂದ ಬಂದು ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಹೆಂಗಸು ಮೊದಲ ಸಲ ಆ ಕೂಗು ಕೇಳಿದಾಗ ಗಾಬರಿಯಿಂದ ಮೆಟ್ಟಿಲಿಳಿದು ಬಂದಿದ್ದರು.

"ಯಾಕ್ರೀ ಅಮ್ಮಾರ, ಯಾರ್ ಜೋಡಿ ಜಗಳಾ ಆತ್ರೀ?"

ಅಜ್ಜಿ ಕರೆದದ್ದು ಕೊತ್ತಂಬರಿ ಸೊಪ್ಪು ಕೊಡಲು. "ಜಗಳ ಆಡೋವಾಗ ಹಿಂಗಿರಲ್ಲ ಕಣವ್ವ, ಅದು ಬೇರೆ," ಎಂದಳು.

ಅವಳ ಹೆಸರು ಕೆಂಪಮ್ಮ. ಎತ್ತರದ ಆಳು, ಎರಡೂ ಹೊಳ್ಳೆಗಳಲ್ಲಿ ಮೂಗುಬೊಟ್ಟು. ಕೂತು ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ಮಾತು ಬೆಳೆಯುತ್ತದೆ ಎಂದು ಅನ್ನಿಸಿದ ಕೂಡಲೇ ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಊರು ಎಷ್ಟು ಬದಲಾದರೂ ದಾರಿ ಹೇಳುವಾಗ ಅವಳ ಗುರುತುಗಳು ಹಳೆಯವೇ. "ಹುಚ್ಚೆಳ್ಳು ಹೊಲದ ಹತ್ರ ಬಸ್ ಇಳ್ಕೊ" ಎಂದರೆ ಬ್ಯಾಂಕಿನ ಮುಂದೆ ಇಳಿಯಬೇಕು ಎಂದು ಮನೆಯವರಿಗೆ ಮಾತ್ರ ಗೊತ್ತಾಗುತ್ತಿತ್ತು. ನಾನು ಮಾತಿನಲ್ಲಿ ಅಮ್ಮನ ಮಗಳು. ಕೇಳಿದ್ದಕ್ಕಷ್ಟೇ, ಅದೂ ತಗ್ಗಿದ ದನಿಯಲ್ಲಿ. "ಏನವ್ವ, ಬಾಯಲ್ಲಿ ಅವಲಕ್ಕಿ ಇಟ್ಕೊಂಡಿದ್ದೀಯ? ನುಂಗಿ ಮಾತಾಡು," ಎಂದು ಅಜ್ಜಿ ರೇಗಿಸುತ್ತಿದ್ದಳು.

ತೊಂಬತ್ತರ ದಶಕದ ನಡುವೆ, ನಾನು ಆರನೇ ಕ್ಲಾಸಿನಲ್ಲಿದ್ದಾಗ, ಆಷಾಢದಲ್ಲಿ ನನ್ನ ತಮ್ಮ ಸಂಜು ತೀರಿಕೊಂಡ. ಅವನಿಗೆ ಮೂರೂವರೆ ವರ್ಷ. ಜ್ವರ ಬಂತು, ತಲೆಗೇರಿತು. ಆಸ್ಪತ್ರೆಯಿಂದ ಅಪ್ಪ ಅವನನ್ನು ಎತ್ತಿಕೊಂಡೇ ಬಂದರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಬಂದವರೆಲ್ಲ ಒಂದೇ ಬುದ್ಧಿ ಹೇಳಿ ಹೋದರು: ಅಮ್ಮನ ಎದುರು ಅವನ ಹೆಸರು ಎತ್ತಬೇಡಿ. ಯಾರೋ ಅವನ ಅಂಗಿಗಳನ್ನು ಗಂಟು ಕಟ್ಟಿದರು. ಮೂರು ಚಕ್ರದ ಸೈಕಲ್ಲು ಅಟ್ಟ ಸೇರಿತು. ಅಮ್ಮ ಎಲ್ಲ ಕೆಲಸ ಮಾಡುತ್ತಿದ್ದಳು, ನನಗೆ ಜಡೆ ಹಾಕುತ್ತಿದ್ದಳು, ಆದರೆ ಅವಳ ಬಾಯಲ್ಲಿ ಅವನ ಹೆಸರು ಬರಲಿಲ್ಲ. ಅವಳು ಅತ್ತದ್ದನ್ನೂ ನಾನು ನೋಡಲಿಲ್ಲ. ತಟ್ಟೆಯಲ್ಲಿ ಬಡಿಸಿಕೊಂಡದ್ದು ಹಾಗೇ ಉಳಿಯುತ್ತಿತ್ತು. ಗೌರಿ ಗಣೇಶ ಹಬ್ಬ ಬಂತು. ನಮ್ಮ ಬಾಗಿಲಿಗೆ ತೋರಣವಿಲ್ಲ. ಅಕ್ಕಪಕ್ಕದವರು ಕಡುಬಿನ ತಟ್ಟೆಯನ್ನು ಗೇಟಿನಲ್ಲೇ ಕೊಟ್ಟು, ಅಮ್ಮನ ಮುಖ ನೋಡದೆ ಹೊರಟುಹೋದರು. ನಾವೆಲ್ಲರೂ ಪಿಸುಮಾತಿಗೆ ಇಳಿದಿದ್ದೆವು.

ಅಜ್ಜಿಯೊಬ್ಬಳನ್ನು ಬಿಟ್ಟು. ಅವಳು ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತಾ ಇಡೀ ಬೀದಿಗೆ ಕೇಳುವಂತೆ, "ಸಂಜು ಇದ್ದಿದ್ರೆ ಈ ಕೋಳೀನ ಹಿಂಗೆ ನೆಮ್ಮದಿಯಾಗ್ ಬಿಡ್ತಿದ್ನಾ," ಎನ್ನುವಳು. ಅಪ್ಪ ಒಳಗಿಂದ ಓಡಿ ಬರುವರು.

"ಅಮ್ಮ, ಸ್ವಲ್ಪ ಮೆಲ್ಗೆ."

"ಯಾಕ್ಲಾ ಮೆಲ್ಗೆ? ಅವನ್ನೇನ್ ಕದ್ಕೊಂಡ್ ಬಂದಿದ್ವಾ?"

ದಸರೆಗೆ ಮುಂಚೆ ಮಹಾಲಯ ಅಮಾವಾಸ್ಯೆ. ನಮ್ಮ ಕಡೆ ಅದು ಹಿರಿಯರ ಹಬ್ಬ. ಮನೆಯಲ್ಲಿ ತೀರಿಕೊಂಡವರಿಗೆ ಒಬ್ಬೊಬ್ಬರಿಗೂ ಬಾಳೆ ಎಲೆ ಹಾಕಿ, ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನು ಬಡಿಸಿ, ಹೊಸ ಬಟ್ಟೆ ಇಟ್ಟು ಧೂಪ ಹಾಕುತ್ತೇವೆ. ಇದಕ್ಕೆ ಎಡೆ ಇಡುವುದು ಎನ್ನುತ್ತಾರೆ. ಆಮೇಲೆ ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯಬೇಕು. ಅವರು ಬಂದು ಉಂಡು ಹೋಗುತ್ತಾರೆ ಎಂದು ನಂಬಿಕೆ. ತಾತನ ಎಲೆಗೆ ಕೋಳಿ ಸಾರಿನ ಜೊತೆ ಒಂದು ಕಟ್ಟು ಬೀಡಿ, ಲೋಟದಲ್ಲಿ ಬ್ರಾಂದಿ. ಆದರೆ ಚಿಕ್ಕ ಮಕ್ಕಳಿಗೆ ಎಡೆಯಿಲ್ಲ. ಮಣ್ಣು ಮಾಡಿ ಬಂದಮೇಲೆ ಆ ಮಗುವನ್ನು ಹೆಸರು ಹಿಡಿದು ಕರೆಯುವ ದಿನವೇ ವರ್ಷದಲ್ಲಿ ಇರುವುದಿಲ್ಲ. ಅಮ್ಮನಿಗೆ ಅದು ಗೊತ್ತಿತ್ತು. ಸೊಸೆಯ ತಟ್ಟೆ ದಿನವೂ ಹಾಗೇ ಉಳಿಯುವುದನ್ನು ಅಜ್ಜಿಯೂ ನೋಡುತ್ತಿದ್ದಳು.

ಹಬ್ಬದ ಹಿಂದಿನ ವಾರ ಅವಳು ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಜಯನಗರ ನಾಲ್ಕನೇ ಬ್ಲಾಕಿಗೆ ಹೋದಳು. ಕಾಂಪ್ಲೆಕ್ಸಿನ ಹಿಂದಿನ ಸಾಲಿನಲ್ಲಿ ಮಕ್ಕಳ ಬಟ್ಟೆಯ ಅಂಗಡಿ. ದಸರೆಯ ಗಿರಾಕಿಗಳು ತುಂಬಿದ್ದರು. ಅಜ್ಜಿ ಒಂದು ಹಳದಿ ಅಂಗಿ ಆರಿಸಿದಳು.

"ವಯಸ್ಸೆಷ್ಟು ಅಜ್ಜಿ ಹುಡುಗನಿಗೆ?" ಅಂಗಡಿಯವರು ಕೇಳಿದರು.

"ಮೂರೂವರೆ."

"ಹಂಗಾದ್ರೆ ಒಂದ್ ಸೈಜ್ ದೊಡ್ಡದೇ ತಗೊಳ್ಳಿ. ಮುಂದಿನ್ ವರ್ಷಕ್ಕೂ ಆಗುತ್ತೆ. ಮಕ್ಕಳು ಬೇಗ ಬೆಳೀತವೆ."

"ಇವ್ನು ಇನ್ ಬೆಳೆಯಲ್ಲ ಕಣಪ್ಪ. ಇದೇ ಅಳತೆ ಕೊಡು," ಎಂದಳು ಅಜ್ಜಿ, ತನ್ನ ಎಂದಿನ ದನಿಯಲ್ಲೇ.

ಪಕ್ಕದಲ್ಲಿ ಫ್ರಾಕು ನೋಡುತ್ತಿದ್ದ ಹೆಂಗಸು ತನ್ನ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡರು. ನಾನು ನೆಲ ನೋಡುತ್ತಿದ್ದೆ. ಅಂಗಡಿಯವರು ಅಂಗಿಯ ಗುಂಡಿಗಳನ್ನೆಲ್ಲ ಒಂದೊಂದಾಗಿ ಹಾಕಿ, ಮಡಿಚಿ, ಎರಡು ಕೈಯಲ್ಲಿ ಹಿಡಿದು ಕೊಟ್ಟರು. ಅಜ್ಜಿ ಎರಡು ಕೈಯಲ್ಲಿ ತೆಗೆದುಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ಚೀಲಕ್ಕೆ ಹಾಕದೆ ತೊಡೆಯ ಮೇಲೆ ಬಿಚ್ಚಿಟ್ಟುಕೊಂಡಿದ್ದಳು. ಪಕ್ಕದವರು "ಚೆನ್ನಾಗಿದೆ, ಯಾರಿಗೆ?" ಎಂದಾಗ "ನನ್ ಮೊಮ್ಮಗಂಗೆ" ಎಂದು ಹೇಳಿ ತಲೆ ಎತ್ತಿ ಕೂತಳು.

ಅಮಾವಾಸ್ಯೆಯ ದಿನ ಶ್ರೀನಗರದಿಂದ ದೊಡ್ಡಪ್ಪ ಬಂದರು. ಧೂಪ ಹಾಕುವವರು ಮನೆಯ ಹಿರಿಯ ಮಗನಾದ ಅವರೇ. ತಾತನ ಎಲೆಯ ಪಕ್ಕದಲ್ಲಿ ಇನ್ನೊಂದು ಚಿಕ್ಕ ಎಲೆ, ಅದರ ಮುಂದೆ ಹಳದಿ ಅಂಗಿ ಕಂಡು ಅವರು ಬಾಗಿಲಲ್ಲೇ ನಿಂತುಬಿಟ್ಟರು.

"ಅಮ್ಮ, ಇದು ಹಿರೀರ ಹಬ್ಬ. ಹಾಲಲ್ಲು ಬೀಳ್ದಿರೋ ಮಗೂಗೆ ಎಡೆ ಇಡೋದು ಎಲ್ಲಾದ್ರೂ ಐತಾ?"

ಅಜ್ಜಿ ಎದ್ದು ನಿಂತಳು. ಸೆರಗು ಸೊಂಟಕ್ಕೆ ಹೋಯಿತು. "ನನಗಿಂತ ಮುಂದೆ ಹೋದ ತಾನೆ? ಆ ದಾರೀಲಿ ನಂಗೆ ಅವ್ನೇ ಹಿರೀನು."

"ಹಿಂಗ್ ಕರೆದ್ರೆ ಮಗು ಜೀವ ಮನೆ ಬಿಟ್ ಹೋಗಲ್ಲ ಅಂತಾರೆ. ಇಲ್ಲೇ ಸುತ್ತಾಡ್ತದಂತೆ."

"ಸುತ್ತಾಡ್ಲಿ. ಯಾಕ್ ಬಿಟ್ ಹೋಗ್ಬೇಕು? ಅವ್ನ್ ಮನೆ."

"ನಾಲ್ಕ್ ಜನ ಕೇಳಿದ್ರೆ ಏನಂತಾರೆ?"

"ಕೇಳ್ಲಿ ಅಂತಾನೇ ಗಟ್ಟಿಯಾಗ್ ಹೇಳ್ತಿರೋದು. ನೀನ್ ಧೂಪ ಹಾಕ್ತೀಯೋ, ನಾನ್ ಹಾಕ್ಲೋ?"

ದೊಡ್ಡಪ್ಪ ಅಪ್ಪನ ಮುಖ ನೋಡಿದರು. ಅಪ್ಪ ಗೋಡೆ ನೋಡುತ್ತಿದ್ದರು. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಅಜ್ಜಿಯೇ ಬಡಿಸಿದಳು. ಹಾಲನ್ನ, ಗ್ಲೂಕೋಸ್ ಬಿಸ್ಕತ್ತು, ಬೇಯಿಸಿದ ಮೊಟ್ಟೆ. ಮೊಟ್ಟೆಯನ್ನು ಬಿಡಿಸಿ ಹಳದಿ ತೆಗೆದು ಬಿಳಿ ಭಾಗ ಮಾತ್ರ ಇಟ್ಟಳು. ಸಂಜು ತಿನ್ನುತ್ತಿದ್ದುದು ಅಷ್ಟೇ. ಹಳದಿಯನ್ನು ಅವನು ಅಜ್ಜಿಯ ಬಾಯಿಗೆ ತುರುಕುತ್ತಿದ್ದ. ಕೊನೆಗೆ ದೊಡ್ಡಪ್ಪನೇ ಧೂಪ ಹಾಕಿದರು. ಹೊರಗೆ ಬಂದು ಬಾಗಿಲು ಎಳೆದುಕೊಳ್ಳುವಾಗ ಅಜ್ಜಿ ಕೈ ಅಡ್ಡ ಹಿಡಿದಳು.

"ಪೂರ್ತಿ ಮುಚ್ಬೇಡ. ಒಂದ್ ಗೇಣು ಬಿಟ್ಟಿರು. ಮುಚ್ಚಿದ್ ಬಾಗ್ಲು ಕಂಡ್ರೆ ಅಳ್ತಾನೆ ಅವ್ನು."

ಅದೂ ಪದ್ಧತಿಗೆ ವಿರುದ್ಧ. ದೊಡ್ಡಪ್ಪನ ಕೈ ಬಾಗಿಲ ಮೇಲೇ ನಿಂತಿತು. ಆಗ ಹಿಂದಿನಿಂದ ಅಮ್ಮನ ದನಿ ಬಂತು.

"ಲೈಟೂ ಹಾಕಿರ್ಲಿ ಅತ್ತೆ. ಸಂಜೂಗೆ ಕತ್ಲೆ ಆಗಲ್ಲ."

ಆಷಾಢದಿಂದ ಈಚೆಗೆ ಅವಳ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ದೊಡ್ಡಪ್ಪ ಒಳಗೆ ಕೈ ಚಾಚಿ ಸ್ವಿಚ್ಚು ಹಾಕಿದರು. ಬಾಗಿಲ ಸಂದಿನಿಂದ ಬೆಳಕು ಹಜಾರದ ನೆಲಕ್ಕೆ ಬಿತ್ತು. ಅಮ್ಮ ಆ ಬೆಳಕಿನ ಪಕ್ಕದಲ್ಲಿ ಕೂತು ಅತ್ತಳು. ಅಜ್ಜಿ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ, ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. "ಅಳ್ಲಿ ಬಿಡ್ರಿ, ಅವ್ಳ ಮಗ," ಎಂದಳು.

ಬಾಗಿಲು ತೆಗೆದಾಗ ಎಡೆ ಇಟ್ಟಂತೆಯೇ ಇತ್ತು. ಯಾವಾಗಲೂ ಹಾಗೆಯೇ ಇರುತ್ತದೆ. ಅಮ್ಮ ಸಂಜುವಿನ ಎಲೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡು ಅದರಲ್ಲಿದ್ದುದನ್ನೆಲ್ಲ ಉಂಡಳು.

ದುಃಖ ಅಲ್ಲಿಗೆ ಮುಗಿಯಿತು ಎಂದು ನಾನು ಹೇಳುತ್ತಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ದೀಪಾವಳಿಗೆ ಎಣ್ಣೆನೀರೂ ಇರಲಿಲ್ಲ. ಆದರೆ ಸಂಜೆ ಅಜ್ಜಿ ಎಲ್ಲಿಂದಲೋ ಒಂದು ಪೆಟ್ಟಿಗೆ ಸುರ್‌ಸುರ್ ಬತ್ತಿ ತಂದು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ ಹಚ್ಚಿಸಿದಳು. "ಮನೇಲಿ ಇರೋ ಮಗೂನೂ ಮಗೂನೇ," ಎಂದು ಒಳಗಿದ್ದವರಿಗೆ ಕೇಳುವಂತೆ ಹೇಳಿದಳು. ಯಾರಾದರೂ ಮೊಮ್ಮಕ್ಕಳು ಎಷ್ಟು ಎಂದು ಕೇಳಿದರೆ ಸಂಜುವನ್ನು ಸೇರಿಸಿಯೇ ಹೇಳುತ್ತಿದ್ದಳು. ಕೇಳಿದವರು ಏನೆಂದುಕೊಂಡರೂ ಅದು ಅವರ ಪಾಡು. ನಾನು ಕಾಲೇಜಿನಲ್ಲಿ ದೊಡ್ಡ ದೊಡ್ಡ ಮಾತಾಡುವವರನ್ನು ಕಂಡಿದ್ದೇನೆ. ಆದರೆ ಧೈರ್ಯ ಎಂದರೆ ನನಗೆ ಮೊದಲು ನೆನಪಾಗುವುದು, ಸೆರಗು ಸಿಕ್ಕಿಸಿ ಆ ಕೋಣೆಯ ಮುಂದೆ ನಿಂತ ನಮ್ಮಜ್ಜಿ. ಅವಳು ನಮ್ಮವಳು ಎಂಬ ಹೆಮ್ಮೆಯನ್ನು ನಾನು ಯಾರ ಮುಂದೆಯೂ ಆಡಿ ತೋರಿಸಿದವಳಲ್ಲ.

ನಾನು ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಅವಳು ಹಾಸಿಗೆ ಹಿಡಿದಳು. ಪ್ರತಿ ವರ್ಷದಂತೆ ಸಂಜುವಿಗೂ ಎಡೆ ಇಟ್ಟು ಅಮಾವಾಸ್ಯೆ ಕಳೆದಿತ್ತು, ದಸರೆ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತಿದ್ದೆ.

"ಮುಂದಿನ್ ವರ್ಷ ನಂಗೆ ಎಡೇಗೆ ಏನೇನ್ ಇಡ್ತೀಯ, ಹೇಳು."

"ಸುಮ್ನಿರಜ್ಜಿ."

"ಹೇಳವ್ವ. ಆಮೇಲ್ ಬಂದು ನಂಗಿದು ಸೇರಲ್ಲ ಅನ್ನಕ್ಕಾಯ್ತದಾ?"

ನಾನು ಹೇಳಿದೆ: ಮುದ್ದೆ, ಕೋಳಿ ಸಾರು, ವಡೆ, ಎಲೆ ಅಡಿಕೆ.

"ಕೋಳಿ ನಾಟೀದು ತನ್ನಿ. ಆ ಅಂಗಡಿ ಬಿಳೀ ಕೋಳೀಲಿ ಏನೈತೆ, ಹತ್ತಿ." ನನ್ನ ಕಡೆ ಹೊರಳಿದಳು. "ನಂಗೆ ಬೇರೆ ಎಲೆ ಹಾಕ್ಬೇಡಿ. ಸಂಜು ಎಲೇಲೇ ಬಡಿಸ್ರಿ. ಇಷ್ಟ್ ವರ್ಷ ತಾತನ ಪಕ್ಕ ಕೂತು ಏನ್ ಉಂಡ್ನೋ ಏನೋ. ಆ ಮನ್ಸ ಒಂದಿನ ಮಕ್ಳಿಗೆ ತುತ್ತಿಟ್ಟೋನಲ್ಲ."

ಆ ದಸರೆ ಮುಗಿದ ವಾರವೇ ಅವಳು ಹೋದಳು.

ಮರುವರ್ಷದ ಅಮಾವಾಸ್ಯೆಗೆ ದೊಡ್ಡಪ್ಪ ತಾವೇ ಹಿತ್ತಿಲಿಗೆ ಹೋಗಿ ಒಂದು ಅಗಲವಾದ ಎಲೆ ಕುಯ್ದು ತಂದರು. ತೊಳೆದು, ಹಾಸಿ, ಅಮ್ಮನನ್ನು ಕರೆದರು.

"ಇಬ್ರಿಗೂ ಸಾಲುತ್ತಾ ನೋಡವ್ವ."

"ಸಾಲುತ್ತೆ ಭಾವ," ಎಂದಳು ಅಮ್ಮ. ಬಗ್ಗಿ ಅನ್ನ, ಸಾರು ಎಲ್ಲವನ್ನೂ ಎಲೆಯ ನಡುವೆಯೇ ಬಡಿಸಿದಳು. ಯಾರದು ಯಾವ ಕಡೆ ಎಂದು ಭಾಗ ಮಾಡಲಿಲ್ಲ.