ಪಟದ ಹಿಂದಿದ್ದ ಕಾಗದ

ಮೊನ್ನೆ ಬಣ್ಣ ಹೊಡೆಸಲು ಗೋಡೆಯ ಪಟಗಳನ್ನು ಇಳಿಸುವಾಗ ಹಳೆಯ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಕೆಂಪಾಪುರದ ನಮ್ಮ ಹೆಂಚಿನ ಮನೆ ನೆನಪಾಯಿತು.

ಏನೇ ಆದರೂ ಅಪ್ಪ ದೇವರ ಚಿತ್ತ ಎನ್ನುತ್ತಿದ್ದರು. ಅಕ್ಕ ಲೂರ್ದಮ್ಮ ನರ್ಸ್ ತರಬೇತಿಗೆ ಅರ್ಜಿ ಹಾಕಿ, ದಿನಾ ಅಂಚೆಯವನ ದಾರಿ ಕಾಯುತ್ತಿದ್ದಳು.

"ಕಾಗದ ಬರ್ಲಿಲ್ಲ ಅಂದ್ರೆ ದೇವರಿಗೆ ಇಷ್ಟ ಇಲ್ಲ ಅಂತ ಕಣಮ್ಮ," ಎನ್ನುವಾಗ ಅಪ್ಪ ಅವಳ ಮುಖ ನೋಡುತ್ತಿರಲಿಲ್ಲ. ಸಂಜೆ ಜಪಸರ ಹೇಳುವಾಗ ಮಾತ್ರ ಅವರ ಕಣ್ಣು ಮತ್ತೆ ಮತ್ತೆ ಯೇಸುವಿನ ಪಟದ ಮೂಲೆಗೆ ಹೋಗುತ್ತಿತ್ತು. ಅದು ಭಕ್ತಿಯಲ್ಲ ಎಂದು ನನಗೆ ಅನುಮಾನ ಬಂತು.

ಒಂದು ಮಧ್ಯಾಹ್ನ ಸ್ಟೂಲು ಹತ್ತಿ ಪಟದ ಹಿಂದೆ ಕೈ ಹಾಕಿದೆ. ಅಕ್ಕನ ಹೆಸರಿನ, ಒಡೆದ ಲಕೋಟೆ ಸಿಕ್ಕಿತು. ಸೋಮವಾರವೇ ಬಂದು ಸೇರಬೇಕೆಂದು ಅದರಲ್ಲಿ ಬರೆದಿತ್ತು. ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅಕ್ಕನ ಸೀರೆಗಳನ್ನು ಟ್ರಂಕಿಗೆ ತುಂಬತೊಡಗಿದಳು.

ಅಪ್ಪ ಬಂದವರೇ ಗದರಿದರು. "ಯಾರನ್ನ ಕೇಳಿ ಕಳಿಸ್ತಿದ್ದೀಯ?"

"ಇವಳು ಹೋಗ್ಬಾರ್ದು ಅನ್ನೋದು ದೇವರ ಚಿತ್ತವಾ, ನಿಮ್ದಾ? ಆ ಸ್ವಾಮಿ ಎದುರಿಗೇ ಹೇಳ್ರೀ," ಎಂದಳು ಅಮ್ಮ.

ಅಪ್ಪ ಪಟದ ಕಡೆ ತಿರುಗಲೇ ಇಲ್ಲ. ಸೋಮವಾರ ಬೆಳಿಗ್ಗೆ ಟ್ರಂಕನ್ನು ಹೆಗಲ ಮೇಲೆ ಹೊತ್ತು, ಬಸ್ಸಿನವರೆಗೂ ಅಕ್ಕನ ಹಿಂದೆಯೇ ನಡೆದರು.

ಮೊನ್ನೆ ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ನೆನಪಿಸಿದೆ. ಆಸ್ಪತ್ರೆಯಿಂದ ನಿವೃತ್ತಳಾಗಿ ಎಷ್ಟೋ ಕಾಲವಾದ ಅವಳು ಕೇಳಿದಳು: "ಅಪ್ಪ ಆ ಕಾಗದಾನ ಒಲೆಗೆ ಹಾಕ್ಬಹುದಿತ್ತು. ಯಾಕೆ ಹಾಕ್ಲಿಲ್ಲ ಹೇಳು?"

ಈ ಪ್ರಶ್ನೆ ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.